ಗೇಟು ಮುಚ್ಚಿದ್ದ 20 ನಿಮಿಷ: ಸಣ್ಣ ಉದ್ದಿಮೆಗಳ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉದ್ದಿಮೆದಾರ ಬಂಧುಗಳೇ,

ಪೀಣ್ಯ, ಬೊಮ್ಮಸಂದ್ರ, ರಾಜಾಜಿನಗರದ ಶೆಡ್ಡುಗಳಲ್ಲಿ, ಬೆಳಗಾವಿಯ ಉದ್ಯಮಬಾಗ್‌ನ ಫೌಂಡ್ರಿಗಳಲ್ಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ಹತ್ತು ಜನಕ್ಕೋ ಇನ್ನೂರು ಜನಕ್ಕೋ ಕೆಲಸ ಕೊಟ್ಟು ಕಾರ್ಖಾನೆ ನಡೆಸುತ್ತಿರುವ ನಿಮಗೆಲ್ಲ ಈ ಪತ್ರ. ನಾನು ಪೀಣ್ಯದಲ್ಲಿ 31 ವರ್ಷ ಲೆಕ್ಕ ಬರೆದವನು. ನಿವೃತ್ತಿಯ ನಂತರವೂ ಎರಡು ಮೂರು ಕಡೆ ಪುಸ್ತಕ ನೋಡಿಕೊಡುತ್ತೇನೆ. ನಿಮ್ಮ ಕಾರ್ಖಾನೆಗಳಲ್ಲಿ ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಗೋಡೆಯ ಮೇಲೆ ಬರೆದಿರುತ್ತದೆ. ಅಧಿಕಾರಿಗಳು ಶೋಧಕ್ಕೆ ಬಂದರೆ ಏನು ಮಾಡಬೇಕೆಂದು ಎಲ್ಲೂ ಬರೆದಿರುವುದಿಲ್ಲ. ಅದರ ಬಗ್ಗೆ ನಿಮ್ಮಲ್ಲಿ ಕೆಲವು ವಿಷಯ ಕೇಳಿಕೊಳ್ಳಬೇಕಾಗಿದೆ.

ಈ ವಿಷಯ ಎತ್ತಿದಾಗಲೆಲ್ಲ ನನಗೆ ಸಿಗುವ ಉತ್ತರ ಒಂದೇ. “ನಮ್ಮ ಲೆಕ್ಕ ಸರಿ ಇದೆ, ನಮ್ಮಲ್ಲಿಗ್ಯಾಕೆ ಬರ್ತಾರೆ?” ನಾನಿದ್ದ ಕಂಪನಿಯ ಲೆಕ್ಕವೂ ಸರಿ ಇತ್ತು. ಆದರೂ ಬಂದರು.

ನಮಗೆ ರಾಡು, ಪ್ಲೇಟು ಹಾಕುತ್ತಿದ್ದ ವ್ಯಾಪಾರಿಯೊಬ್ಬ ಸರಕು ಕಳಿಸದೆ ಬರೀ ಬಿಲ್ ಹರಿದುಕೊಡುತ್ತಾನೆಂದು ತೆರಿಗೆ ಇಲಾಖೆಗೆ ಅನುಮಾನ ಹುಟ್ಟಿತ್ತು. ಅವನಿಂದ ಕೊಂಡವರ ಪಟ್ಟಿಯಲ್ಲಿ ನಮ್ಮ ಹೆಸರೂ ಇತ್ತು. ಬೇರೆಯವರ ಕಥೆ ನನಗೆ ಗೊತ್ತಿಲ್ಲ, ನಮಗಂತೂ ಲೋಡು ಬಂದೇ ಬಂದಿತ್ತು. ಅದನ್ನು ಕತ್ತರಿಸಿ, ಕಡೆದು, ಬಿಡಿಭಾಗ ಮಾಡಿ ಮಾರಿದ್ದೆವು. ಒಂದು ದಿನ ಬೆಳಿಗ್ಗೆ ಹತ್ತೂವರೆಗೆ ಎರಡು ಕಾರು ಬಂದು ಗೇಟಿನ ಮುಂದೆ ನಿಂತವು. ಏಳು ಜನ ಇಳಿದರು. ವಾಚ್‌ಮನ್ ಸಿಂಧನೂರು ಕಡೆಯ ಹಿರಿಯರು. ಮಾಲೀಕರಿಗೆ ಫೋನ್ ಹಚ್ಚಿದರು. ಅವರು ಮೆಷಿನ್ ನೋಡಲು ಕೊಯಮತ್ತೂರಿಗೆ ಹೋಗಿದ್ದರು, ಫೋನ್ ಸಿಗಲಿಲ್ಲ. “ನನ್ನ ಕೇಳದೆ ಯಾರನ್ನೂ ಒಳಗೆ ಬಿಡಬೇಡಿ” ಎಂದು ಮಾಲೀಕರು ಯಾವಾಗಲೋ ಹೇಳಿದ್ದ ಮಾತು ವಾಚ್‌ಮನ್ ತಲೆಯಲ್ಲಿತ್ತು. ಗೇಟಿಗೆ ಬೀಗ ಹಾಕಿದರು. 20 ನಿಮಿಷ ಅದು ತೆರೆಯಲಿಲ್ಲ.

ಆ 20 ನಿಮಿಷದಲ್ಲಿ ಒಳಗೆ ಡಿಸ್ಪ್ಯಾಚ್ ನೋಡಿಕೊಳ್ಳುತ್ತಿದ್ದ 23 ವರ್ಷದ ಹುಡುಗ, “ಐಟಿ ರೇಡ್ ಬಂತು” ಎಂದು ಯಾರೋ ಕೂಗಿದ್ದನ್ನು ಕೇಳಿ, ಲಾರಿಯವರ ಜೊತೆಗಿದ್ದ ವಾಟ್ಸ್‌ಆ್ಯಪ್ ಗುಂಪನ್ನು ತನ್ನ ಫೋನಿನಿಂದ ಪೂರ್ತಿ ಅಳಿಸಿಬಿಟ್ಟ. ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಲಾರಿ ನಂಬರು, ವೇ ಬ್ರಿಡ್ಜ್ ಚೀಟಿಯ ಫೋಟೊ, ಲೋಡು ಇಳಿಸುವಾಗ ತೆಗೆದ ಚಿತ್ರ, ಇಷ್ಟೇ. ಸರಕು ನಿಜವಾಗಿ ಬಂದಿತ್ತು ಎಂದು ತೋರಿಸಲು ನಮ್ಮ ಕೈಯಲ್ಲಿದ್ದ ಅತ್ಯುತ್ತಮ ಸಾಕ್ಷಿಯೇ ಅದು. ಮಧ್ಯಾಹ್ನ ಅಧಿಕಾರಿಯೊಬ್ಬರು ಅವನ ಫೋನ್ ನೋಡಿ, “ಇದನ್ನು ಯಾವಾಗ ಅಳಿಸಿದೆ?” ಎಂದು ಕೇಳಿದಾಗ ಅವನ ಮುಖದಲ್ಲಿ ಬಂದ ಬಣ್ಣ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅದೇ ಮಾಹಿತಿಯನ್ನು ಲಾರಿಯವರಿಂದ, ವೇ ಬ್ರಿಡ್ಜ್‌ನವರಿಂದ ಮತ್ತೆ ಒಟ್ಟುಮಾಡಲು ನಮಗೆ ಒಂದೂವರೆ ವರ್ಷ ಹಿಡಿಯಿತು. ಖರೀದಿಯ ಪ್ರಶ್ನೆ ಕಡೆಗೆ ಬಗೆಹರಿಯಿತು. ಹುಡುಗ ಅದಕ್ಕೆ ಎಷ್ಟೋ ಮೊದಲೇ ಕೆಲಸ ಬಿಟ್ಟು ಊರಿಗೆ ಹೋಗಿದ್ದ.

ಅವನನ್ನು ನಾನು ಬೈಯಲಾರೆ. ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ವಾಚ್‌ಮನ್‌ಗೂ ಹೇಳಿರಲಿಲ್ಲ. ಹೇಳಬೇಕಾಗಿದ್ದವರು ನಾವು.

ಶೋಧದ ದಿನ ಅಧಿಕಾರಿಗಳಿಗೆ ಮೊದಲು ಎದುರಾಗುವವರು ನೀವಲ್ಲ, ನಿಮ್ಮ ಆಡಿಟರೂ ಅಲ್ಲ. ಗೇಟಿನಲ್ಲಿರುವವರು, ಮುಂದಿನ ಮೇಜಿನ ಹೆಣ್ಣುಮಗಳು, ಸ್ಟೋರ್ಸ್‌ನ ಹುಡುಗ. ನಿಮ್ಮ ತಯಾರಿ ಅವರಿಂದ ಶುರುವಾಗಲಿ ಎಂದು ಕೇಳಿಕೊಳ್ಳಲಿಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ನಮ್ಮ ಪತ್ರಿಕೆಗಳು ಇದನ್ನು ‘ದಾಳಿ’ ಎನ್ನುತ್ತವೆ. ದಾಳಿ ಎಂದ ಕೂಡಲೇ ಮನಸ್ಸು ಕೋಟೆಯ ಬಾಗಿಲು ಹಾಕಲು ಓಡುತ್ತದೆ. ಕಾನೂನಿನ ಮಾತು ಶೋಧ. ನಿಮ್ಮ ಆಫೀಸಿನಲ್ಲಾದರೂ ಆ ಮಾತನ್ನೇ ಬಳಸಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 103ನೇ ಕಲಂ ಹೇಳುವುದು ಇಷ್ಟು: ವಾರಂಟ್ ತೋರಿಸಿ ಕೇಳಿದಾಗ, ಜಾಗ ಯಾರ ಸುಪರ್ದಿನಲ್ಲಿದೆಯೋ ಅವರು ಒಳಗೆ ಬಿಡಬೇಕು, ಶೋಧಕ್ಕೆ ಬೇಕಾದ ಅನುಕೂಲ ಮಾಡಿಕೊಡಬೇಕು. ಅದೇ ಕಲಂ ನಿಮ್ಮ ಕಡೆಗೂ ನಿಲ್ಲುತ್ತದೆ. ಸ್ಥಳೀಯರಾದ, ಪಕ್ಷಪಾತವಿಲ್ಲದ ಇಬ್ಬರು ಪಂಚರು ಇರಬೇಕು. ನೀವಾಗಲಿ ನಿಮ್ಮ ಪರವಾಗಿ ಒಬ್ಬರಾಗಲಿ ಶೋಧದ ಉದ್ದಕ್ಕೂ ಹಾಜರಿರಬಹುದು. ವಶಪಡಿಸಿಕೊಂಡದ್ದರ ಪಟ್ಟಿಯ ಪ್ರತಿ ನಿಮ್ಮ ಕೈಗೆ ಬರಬೇಕು. ಹೆಣ್ಣುಮಕ್ಕಳ ತಪಾಸಣೆಯನ್ನು ಹೆಂಗಸರೇ, ಮರ್ಯಾದೆಗೆ ಚ್ಯುತಿ ಬಾರದಂತೆ ಮಾಡಬೇಕು. 105ನೇ ಕಲಂ ಪ್ರಕಾರ ಪೊಲೀಸರು ನಡೆಸುವ ಶೋಧವನ್ನೂ ಜಪ್ತಿಯನ್ನೂ ವಿಡಿಯೊ ಮಾಡಲೇಬೇಕು. ಬೀಗ ಹಾಕುವುದರಿಂದ ಈ ಯಾವ ರಕ್ಷಣೆಯೂ ಹೆಚ್ಚಾಗುವುದಿಲ್ಲ. ಬದಲಿಗೆ, ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿ ಎಂಬ ಹೊಸದೊಂದು ಆರೋಪಕ್ಕೆ ದಾರಿಯಾಗುತ್ತದೆ. ಇನ್ನು ಸಾಕ್ಷ್ಯವಾಗಬಹುದಾದ ದಾಖಲೆಯನ್ನು, ಅದು ಫೋನಿನಲ್ಲಿರುವ ಸಂದೇಶವೇ ಆಗಿರಲಿ, ಸಿಗಬಾರದೆಂದು ನಾಶ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಂ ಅಡಿ 3 ವರ್ಷದವರೆಗೆ ಜೈಲು. ಆ ಹುಡುಗನಿಗೆ ಇದು ಗೊತ್ತಿದ್ದಿದ್ದರೆ!

ಬಂದವರ ಕೈಯಲ್ಲಿರುವ ಕಾಗದ ಯಾವುದು ಎಂದು ನೋಡಲು ಒಬ್ಬರಿಗಾದರೂ ಕಲಿಸಿಡಿ. ಮ್ಯಾಜಿಸ್ಟ್ರೇಟರ ಸಹಿ, ಮುದ್ರೆ ಇರುವುದು ನ್ಯಾಯಾಲಯದ ವಾರಂಟ್. ಜಿಎಸ್‌ಟಿಯವರು ತರುವುದು ನ್ಯಾಯಾಲಯದ ಕಾಗದವಲ್ಲ, ಜಿಎಸ್‌ಟಿ ಕಾಯ್ದೆಯ 67ನೇ ಕಲಂ ಅಡಿ ಜಂಟಿ ಆಯುಕ್ತರಾಗಲಿ ಅವರಿಗಿಂತ ಮೇಲಿನವರಾಗಲಿ ಕೊಟ್ಟ ಅಧಿಕಾರ ಪತ್ರ. ಅದರ ನಮೂನೆಗೆ ಐಎನ್ಎಸ್-01 ಎಂದು ಹೆಸರು. ಪರಿಶೀಲನೆಗೆ ಬಂದಿದ್ದಾರೋ ಶೋಧ ಮತ್ತು ಜಪ್ತಿಗೋ ಎಂಬುದು ಅದರಲ್ಲೇ ಇರುತ್ತದೆ. ತುರ್ತಿದ್ದರೆ ಪೊಲೀಸ್ ತನಿಖಾಧಿಕಾರಿ ವಾರಂಟ್ ಇಲ್ಲದೆಯೂ ಶೋಧಿಸಬಹುದು, ಆದರೆ ಕಾರಣವನ್ನು ಮೊದಲೇ ಬರೆದಿಟ್ಟು 48 ಗಂಟೆಯೊಳಗೆ ಅದರ ಪ್ರತಿಯನ್ನು ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಹಾಗಾಗಿ “ವಾರಂಟ್ ಇಲ್ಲದಿದ್ದರೆ ಹೊರಗೆ ನಡೀರಿ” ಎಂಬ ಸಿನಿಮಾ ಮಾತು ಯಾರ ಬಾಯಲ್ಲೂ ಬರಬಾರದು. ವಿಳಾಸ ಓದಿ. ಒಂದೇ ಕಾಂಪೌಂಡಿನಲ್ಲಿ ಅಣ್ಣನ ಹೆಸರಿನದೊಂದು, ತಮ್ಮನ ಹೆಸರಿನದೊಂದು ಘಟಕ ಇರುವ ನಮ್ಮ ಪೀಣ್ಯದಲ್ಲಿ ಇದು ಸಣ್ಣ ಮಾತಲ್ಲ. ಗುರುತಿನ ಚೀಟಿ ಕೇಳಿ, ಕೇಳುವುದು ಅವಮರ್ಯಾದೆಯಲ್ಲ. ಕೇಂದ್ರ ಜಿಎಸ್‌ಟಿಯ ಇಂಥ ಅಧಿಕಾರ ಪತ್ರಗಳಲ್ಲಿ 2019ರ ನವೆಂಬರ್ 8ರಿಂದ ದಾಖಲೆ ಗುರುತಿನ ಸಂಖ್ಯೆ ಇರಬೇಕೆಂದು ನಿಯಮವಿದೆ. ಡಿನ್ ಎನ್ನುತ್ತಾರಲ್ಲ, ಅದೇ. ಇಲಾಖೆಯ ಜಾಲತಾಣದಲ್ಲಿ ಅದನ್ನು ಹಾಕಿ ಎರಡು ನಿಮಿಷದಲ್ಲಿ ಸರಿಯೋ ಸುಳ್ಳೋ ನೋಡಬಹುದು. ಅಧಿಕಾರಿಗಳ ವೇಷದಲ್ಲಿ ದುಡ್ಡು ಕೀಳುವವರು ಹೆಚ್ಚಿರುವ ಈ ಕಾಲದಲ್ಲಿ ನಿಜವಾದ ಅಧಿಕಾರಿ ಇದಕ್ಕೆ ಬೇಸರಪಡುವುದಿಲ್ಲ. ವಕೀಲರಿಗೂ ಆಡಿಟರಿಗೂ ಫೋನ್ ಮಾಡಲು ಅನುಮತಿ ಕೇಳಿ. ಅವರು ಬರುವ ತನಕ ಕೆಲಸ ನಿಲ್ಲಿಸಿ ಎಂದು ಮಾತ್ರ ಹಟ ಹಿಡಿಯಬೇಡಿ.

ಇನ್ನು ಸರಕಿನ ಲೆಕ್ಕ. ನಮ್ಮ ಸಣ್ಣ ಕೈಗಾರಿಕೆಗಳು ನಿಜವಾಗಿ ಸಿಕ್ಕಿಬೀಳುವುದು ಇಲ್ಲೇ.

ನಿಮ್ಮ ಅಂಗಳದಲ್ಲಿ ಬಿದ್ದಿರುವ ಕಬ್ಬಿಣವೆಲ್ಲ ನಿಮ್ಮದಲ್ಲ ಎಂದು ನಿಮಗೆ ಗೊತ್ತು. ಅರ್ಧ ಜಾಬ್ ವರ್ಕ್‌ಗೆ ಬಂದದ್ದು, ಗಿರಾಕಿಯದು. ಮೂಲೆಯಲ್ಲಿರುವ ಡೈ ದೊಡ್ಡ ಕಂಪನಿಯದು. ರಿಜೆಕ್ಟ್ ಆಗಿ ವಾಪಸ್ ಬಂದ ಎರಡು ಕ್ರೇಟ್ ಇನ್ನೂ ಪುಸ್ತಕಕ್ಕೆ ಏರಿಲ್ಲ. ಕ್ರೋಮ್ ಪ್ಲೇಟಿಂಗ್‌ಗೆ ಹೋದದ್ದು ಪಕ್ಕದ ರಸ್ತೆಯಲ್ಲಿದೆ. ಇವೆಲ್ಲ ನಿಮ್ಮ ಸೂಪರ್‌ವೈಸರ್ ತಲೆಯಲ್ಲಿವೆ. ಅಧಿಕಾರಿ ನೋಡುವುದು ಅವರ ತಲೆಯನ್ನಲ್ಲ, ನೆಲದ ಮೇಲಿರುವುದನ್ನು ಮತ್ತು ಟ್ಯಾಲಿಯಲ್ಲಿರುವುದನ್ನು. ಎರಡೂ ಹೊಂದದಿದ್ದರೆ ಹೆಚ್ಚಿರುವುದು ಲೆಕ್ಕಕ್ಕೆ ಬಾರದ ಸರಕು, ಕಡಿಮೆ ಇರುವುದು ಬಿಲ್ ಇಲ್ಲದೆ ಮಾರಿದ್ದು ಎಂದಾಗುತ್ತದೆ. ಜಿಎಸ್‌ಟಿ ಕಾಯ್ದೆಯ 35ನೇ ಕಲಂ ದಾಸ್ತಾನಿನ ಲೆಕ್ಕ ನಿಮ್ಮ ಮುಖ್ಯ ವ್ಯವಹಾರ ಸ್ಥಳದಲ್ಲೇ ಇರಬೇಕೆನ್ನುತ್ತದೆ. ಆಡಿಟರ್ ಆಫೀಸಿನಲ್ಲಿದೆ ಸಾರ್ ಎಂಬುದು ಉತ್ತರವಲ್ಲ. ಜಾಬ್ ವರ್ಕ್‌ಗೆ ಹೋದ ಕಚ್ಚಾ ಮಾಲು 1 ವರ್ಷದಲ್ಲಿ ಮರಳಬೇಕು, ಚಲನ್ ಇಲ್ಲದಿದ್ದರೆ ಅದನ್ನು ತೋರಿಸುವ ದಾರಿ ಇಲ್ಲ.

ಅದಕ್ಕೊಂದು ಸುಲಭದ ಉಪಾಯ ನಾನು ಕಂಡುಕೊಂಡಿದ್ದೇನೆ. ಆಯುಧಪೂಜೆಗೆ ಮೊದಲಿನ ವಾರ ನಾವೆಲ್ಲ ಹೇಗೂ ಕಾರ್ಖಾನೆ ತೊಳೆಯುತ್ತೇವೆ, ಸ್ಕ್ರ್ಯಾಪ್ ವಿಂಗಡಿಸುತ್ತೇವೆ, ವರ್ಷವಿಡೀ ಕದಲದ ಕ್ರೇಟುಗಳನ್ನು ಆಗ ಕದಲಿಸುತ್ತೇವೆ. ಆ ವಾರ ಸ್ಟೋರ್ಸ್‌ನವರ ಕೈಗೆ ಬಣ್ಣದ ಡಬ್ಬಿ ಕೊಡಿ. ಗಿರಾಕಿಯ ಮಾಲಿಗೆ ನೆಲದ ಮೇಲೆ ಹಳದಿ ಗೆರೆ ಹಾಕಿ ಬೇರೆ ಜಾಗ, ಪ್ರತಿ ರಾಶಿಗೂ ಚಲನ್ ನಂಬರಿನ ತಗಡು. ರಿಜೆಕ್ಟಿಗೆ ಕೆಂಪು ಗೆರೆ. ನಾನೀಗ ಹೋಗುವ ಒಂದು ಘಟಕದಲ್ಲಿ ಇದನ್ನು ಮಾಡಿದ್ದೇವೆ. ಹೊಸದಾಗಿ ಬಂದ ಅಪ್ರೆಂಟಿಸ್ ಕೂಡ ಯಾವುದು ಯಾರದು ಎಂದು ಕೈ ತೋರಿಸಿ ಹೇಳುತ್ತಾನೆ. ಶೋಧದ ದಿನ ಅಧಿಕಾರಿಗಳು ದಾಸ್ತಾನು ಎಣಿಸುವಾಗ ನಿಮ್ಮವರೊಬ್ಬರು ಜೊತೆಗಿರಲಿ. ತೂಗಿದ್ದನ್ನು ತೂಗಿದ್ದೆಂದೂ, ಕಣ್ಣಂದಾಜಿನಲ್ಲಿ ಹೇಳಿದ್ದನ್ನು ಅಂದಾಜೆಂದೂ ಮಹಜರಿನಲ್ಲಿ ಬರೆಯುವಂತೆ ವಿನಯದಿಂದ ಕೇಳಲಿ.

ಕಂಪ್ಯೂಟರು ಮತ್ತು ಫೋನಿನ ವಿಷಯಕ್ಕೆ ಬಂದರೆ, ನಮ್ಮದೇ ಕರ್ನಾಟಕ ಹೈಕೋರ್ಟ್ 2021ರ ಮಾರ್ಚ್‌ನಲ್ಲಿ ಕೊಟ್ಟ ತೀರ್ಪೊಂದಿದೆ. ಪೊಲೀಸ್ ತನಿಖೆಯಲ್ಲಿ ಪಾಸ್‌ವರ್ಡ್ ಕೊಡಲು ಒಪ್ಪದಿದ್ದರೆ ತನಿಖಾಧಿಕಾರಿ ನ್ಯಾಯಾಲಯದಿಂದ ಶೋಧನಾ ವಾರಂಟ್ ಪಡೆಯಬೇಕು ಎಂದಿತು. ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತಲ್ಲ ಎಂದೂ ಹೇಳಿತು. ಜೊತೆಗೆ, ಆಫ್ ಆಗಿರುವ ಕಂಪ್ಯೂಟರನ್ನು ಆನ್ ಮಾಡಬಾರದು, ಆನ್ ಇದ್ದರೆ ಪರದೆಯ ಫೋಟೊ ತೆಗೆಯಬೇಕು, ವೈರುಗಳಿಗೆ ಗುರುತಿನ ಚೀಟಿ ಅಂಟಿಸಬೇಕು ಎಂದು ಜಪ್ತಿಯ ಕ್ರಮವನ್ನೂ ಬಿಡಿಸಿ ಬರೆಯಿತು. ಹಾರ್ಡ್‌ಡಿಸ್ಕಿನ ನಕಲು ತೆಗೆದರೆ ಅದರ ಹ್ಯಾಶ್ ಸಂಖ್ಯೆಯನ್ನು ಮಹಜರಿನಲ್ಲಿ ದಾಖಲಿಸಲು ಕೇಳಿ. ಒಂದಕ್ಷರ ಬದಲಾದರೂ ಆ ಸಂಖ್ಯೆ ಬೇರೆಯಾಗುತ್ತದೆ, ಆದ್ದರಿಂದ ಅದು ನಿಮಗೂ ರಕ್ಷೆ, ಅವರಿಗೂ ರಕ್ಷೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಅಡಿ ಕೊಡುವ ಪ್ರಮಾಣಪತ್ರದಲ್ಲಿ ಈ ಸಂಖ್ಯೆಗೆ ಜಾಗವಿದೆ. ಸರ್ವರ್ ಹೋದರೆ ಮರುದಿನ ಬಿಲ್ ಹಾಕುವುದು ಹೇಗೆ? ಸಂಬಳ ಕೊಡುವುದು ಹೇಗೆ? ದಿನವೂ ಒಂದು ಬ್ಯಾಕಪ್ ಬೇರೆ ಜಾಗದಲ್ಲಿರಲಿ. ಅದು ಎಲ್ಲಿದೆ ಎಂದು ಕೇಳಿದರೆ ಮುಚ್ಚಿಡದೆ ಹೇಳಿ.

ಕೆಲಸದವರ ಸ್ವಂತ ಫೋನಿನ ಬಗ್ಗೆ ಒಂದು ಕಟುವಾದ ಮಾತು ಹೇಳುತ್ತೇನೆ, ಕ್ಷಮಿಸಿ. ಎಂಟು ಸಾವಿರ ರೂಪಾಯಿಯ ಆಫೀಸ್ ಫೋನ್ ಉಳಿಸಲು ನೀವು ಆ ಹುಡುಗರ ಸ್ವಂತ ಫೋನಿನಲ್ಲೇ ಆರ್ಡರು, ಲಾರಿ, ವಸೂಲಿ ಎಲ್ಲವನ್ನೂ ನಡೆಸುತ್ತೀರಿ. ಶೋಧದ ದಿನ ಅವರ ಮನೆಯ ಫೋಟೊ, ಹೆಂಡತಿಯ ಸಂದೇಶ, ಆಸ್ಪತ್ರೆಯ ಚೀಟಿಗಳಿರುವ ಫೋನು ಸೀಲ್ ಆಗಿ ಹೋಗುತ್ತದೆ. ಕಂಪನಿಯ ಕೆಲಸಕ್ಕೆ ಕಂಪನಿಯ ಫೋನ್ ಕೊಡಿ.

ಹೇಳಿಕೆಯ ವಿಷಯ ನನ್ನನ್ನು ಅತಿ ಹೆಚ್ಚು ಕಾಡಿದ್ದು. ನಮ್ಮ ಮಾಲೀಕರು ಕನ್ನಡ ಮಾಧ್ಯಮದಲ್ಲಿ ಓದಿ, ಐಟಿಐ ಮಾಡಿ, ಲೇತ್ ತಿರುಗಿಸಿ ಮೇಲೆ ಬಂದವರು. ಅವತ್ತು ರಾತ್ರಿ ವಿಮಾನ ಇಳಿದು ನೇರ ಬಂದರು. ಪ್ರಶ್ನೆ ಶುರುವಾದಾಗ ಹತ್ತು ಗಂಟೆ, ಮುಗಿದಾಗ ಒಂದೂವರೆ. “ಆ ಬಿಲ್ಲುಗಳಲ್ಲಿ ಕೆಲವಕ್ಕೆ ಸರಕು ಬಂದಿಲ್ಲ ಅಲ್ಲವೇ?” ಎಂದು ಕೇಳಿದಾಗ ಇವರು ಅಂದದ್ದು “ಇರಬಹುದು ಸಾರ್, ನೋಡಿ ಹೇಳಬೇಕು.” ಇಂಗ್ಲಿಷಿನಲ್ಲಿ ಬರೆದ ಕಾಗದದಲ್ಲಿ ಅದು ಹೌದು ಎಂದಾಗಿತ್ತು. ದಣಿದಿದ್ದರು, ಓದದೆ ಸಹಿ ಹಾಕಿದರು. ಆ ಅಧಿಕಾರಿ ಬೇಕೆಂದೇ ಹಾಗೆ ಬರೆದರು ಎಂದು ನಾನು ಹೇಳುವುದಿಲ್ಲ. ನಮ್ಮ ‘ಇರಬಹುದು’ ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ, ಎದುರಿಗಿರುವ ದೊಡ್ಡವರಿಗೆ ಮುಖ ಮುರಿಯದಂತೆ ಕೊಡುವ ಗೌರವ. ಅದನ್ನು ಬೇರೆ ಭಾಷೆಗೆ ಇಳಿಸುವಾಗ ಅರ್ಥ ಜಾರಿಹೋಗುತ್ತದೆ. ಆ ಒಂದು ಪದದ ಬಗ್ಗೆ ನಾವು ಮುಂದೆ ಪುಟಗಟ್ಟಲೆ ವಿವರಣೆ ಬರೆಯಬೇಕಾಯಿತು.

ದಯವಿಟ್ಟು ಹೀಗೆ ಮಾಡಿ. ಉತ್ತರ ಗೊತ್ತಿದ್ದರೆ ಗೊತ್ತಿದ್ದಷ್ಟು ಹೇಳಿ. ಗೊತ್ತಿಲ್ಲದಿದ್ದರೆ “ಗೊತ್ತಿಲ್ಲ, ದಾಖಲೆ ನೋಡಿ ಇಂಥ ದಿನದೊಳಗೆ ಹೇಳುತ್ತೇನೆ” ಎನ್ನಿ. ಊಹೆ ಬೇಡ, ಸುಳ್ಳಂತೂ ಬೇಡವೇ ಬೇಡ. ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಲು ಕೇಳಿ. ತಪ್ಪಿದ್ದರೆ ತಿದ್ದಲು ಕೇಳಿ. ಸಹಿಯ ಮೇಲೆ ನಿಮ್ಮ ಕೈಯಾರೆ, ನಿಮಗೆ ಬರುವ ಕನ್ನಡದಲ್ಲೇ, “ನನಗೆ ಓದಿ ಹೇಳಿದ್ದಾರೆ, ಅರ್ಥವಾಗಿದೆ” ಎಂದು ಬರೆಯಿರಿ. ಅರ್ಥವಾಗದಿದ್ದರೆ ಅದನ್ನೂ ಬರೆಯಿರಿ. ಶೋಧದ ಹೊತ್ತಿನಲ್ಲಿ ತಪ್ಪೊಪ್ಪಿಗೆಗಾಗಿ ಒತ್ತಾಯಿಸಬಾರದೆಂದು ಕೇಂದ್ರ ನೇರ ತೆರಿಗೆ ಮಂಡಳಿ 2003ರ ಮಾರ್ಚ್‌ನಲ್ಲೇ ತನ್ನ ಅಧಿಕಾರಿಗಳಿಗೆ ಸೂಚನೆ ಕೊಟ್ಟಿದೆ. ದುಡ್ಡಿನ ಮಾತೂ ಅಷ್ಟೇ. “ಈಗಲೇ ಇಷ್ಟು ಕಟ್ಟಿಬಿಡಿ” ಎಂಬ ಮಾತು ಬಂದರೆ, ಶೋಧ ನಡೆಯುವಾಗ ತೆರಿಗೆ ವಸೂಲಿ ಮಾಡುವ ಹಾಗಿಲ್ಲ ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2022ರ ಮೇ ತಿಂಗಳಲ್ಲಿ ಹೊರಡಿಸಿದ ಸೂಚನೆ ನಿಮ್ಮ ನೆನಪಿನಲ್ಲಿರಲಿ. ನಿಜಕ್ಕೂ ಬಾಕಿ ಇದ್ದರೆ ಆಡಿಟರ ಜೊತೆ ಕೂತು ಲೆಕ್ಕ ಹಾಕಿ, ಶೋಧ ಮುಗಿದ ಮೇಲೆ ನೀವಾಗಿಯೇ ಕಟ್ಟಿ.

ಅವತ್ತು ಸಂಜೆ ನಡೆದ ಇನ್ನೊಂದನ್ನು ಬರೆಯದಿರಲಾರೆ. ಅಕೌಂಟ್ಸ್‌ನಲ್ಲಿದ್ದ ಹೆಣ್ಣುಮಗಳೊಬ್ಬಳು ನೆಲಮಂಗಲದಿಂದ ಬಂದು ಹೋಗುತ್ತಿದ್ದಳು. ಮೂರು ವರ್ಷದ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಳು. ಎಂಟು ಗಂಟೆಯಾದರೂ ಯಾರೂ ಎದ್ದು ಹೋಗುವ ಹಾಗಿರಲಿಲ್ಲ, ಫೋನುಗಳೆಲ್ಲ ಮೇಜಿನ ಮೇಲೆ ಸಾಲಾಗಿದ್ದವು. ಅವಳು ಅಳುತ್ತಿದ್ದಳು, ಸದ್ದು ಮಾಡದೆ. ನಾನು ಎದ್ದು ಹಿರಿಯ ಅಧಿಕಾರಿಯ ಬಳಿ ಹೋಗಿ ಕೇಳಿದೆ. ಅವರು ತಕ್ಷಣ ಒಪ್ಪಿದರು. ಮಹಿಳಾ ಅಧಿಕಾರಿ ಅವಳ ಚೀಲ ನೋಡಿದರು, ಮನೆಗೆ ಫೋನ್ ಮಾಡಿಸಿದರು, ಕಳಿಸಿಕೊಟ್ಟರು. ಹತ್ತೇ ನಿಮಿಷದ ಕೆಲಸ. ನಾಲ್ಕು ಗಂಟೆ ಹೊತ್ತು ಯಾರೂ ಕೇಳಿರಲಿಲ್ಲ, ಅಷ್ಟೇ. ಅಧಿಕಾರಿಗಳೂ ಮನೆಮಠ ಇರುವವರು. ಯಾರಿಗೆ ಮಾತ್ರೆ ಬೇಕು, ಯಾರು ಬಸುರಿ, ಯಾರ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಅವರಿಗೆ ಹೇಳುವ ಒಬ್ಬರನ್ನು ನಿಮ್ಮ ಕಂಪನಿಯಲ್ಲಿ ಇವತ್ತೇ ಗುರುತಿಸಿಡಿ.

ಶೋಧ ಮುಗಿದಾಗ ಮಹಜರನ್ನು ಪೂರ್ತಿ ಓದಿ, ಪ್ರತಿ ಪಡೆಯಿರಿ. ಶುರುವಾದ ಹೊತ್ತು, ಮುಗಿದ ಹೊತ್ತು, ಒಯ್ದ ಫೈಲುಗಳ ಪುಟ ಸಂಖ್ಯೆ ಅದರಲ್ಲಿವೆಯೇ ನೋಡಿ. ಜಿಎಸ್‌ಟಿಯವರು ಒಯ್ದ ದಾಖಲೆಗಳ ನಕಲು ಕೇಳುವ ಹಕ್ಕು 67ನೇ ಕಲಂನಲ್ಲೇ ಇದೆ. ತನಿಖೆಗೆ ಅಡ್ಡಿಯಾಗುತ್ತದೆ ಎನಿಸಿದರೆ ಮಾತ್ರ ಅವರು ನಿರಾಕರಿಸಬಹುದು. ಸರಕನ್ನು ಜಪ್ತಿ ಮಾಡಿ 6 ತಿಂಗಳಲ್ಲಿ ನೋಟಿಸ್ ಬರದಿದ್ದರೆ ಅದು ನಿಮಗೆ ಮರಳಬೇಕು, ಅವಧಿ ವಿಸ್ತರಣೆಯಾದರೆ ಬೇರೆ ಮಾತು. ಮರುದಿನ ಬೆಳಿಗ್ಗೆ ಮಾತ್ರ ಎಲ್ಲಕ್ಕಿಂತ ಮೊದಲು ಕೆಲಸದವರನ್ನೆಲ್ಲ ಷಾಪ್ ಫ್ಲೋರಿನಲ್ಲಿ ಸೇರಿಸಿ, ನಡೆದದ್ದು ಏನೆಂದು ನೀವೇ ಹೇಳಿ. ನಮ್ಮಲ್ಲಿ ಯಾರೂ ಹೇಳಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಕಂಪನಿ ಮುಚ್ಚುತ್ತದೆ ಎಂಬ ಸುದ್ದಿ ಹಬ್ಬಿತ್ತು, ತಿಂಗಳೊಪ್ಪತ್ತಿನಲ್ಲಿ ಇಬ್ಬರು ಒಳ್ಳೆಯ ಟರ್ನರ್‌ಗಳು ಬೇರೆ ಕಡೆ ಹೋದರು.

ಕೊನೆಯದಾಗಿ ಒಂದೇ ಒಂದು ಕೆಲಸ ಕೇಳುತ್ತೇನೆ. ಈ ವಾರ ಒಂದು ಹಾಳೆ ತೆಗೆದುಕೊಂಡು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ಇಷ್ಟು ಬರೆಸಿ ಗೇಟಿನ ಕೋಣೆಯ ಒಳಗೋಡೆಗೆ ಅಂಟಿಸಿ. ಉತ್ತರದ ಕಡೆಯಿಂದ ಬಂದ ಕಾವಲುಗಾರರಿದ್ದರೆ ಪಕ್ಕದಲ್ಲಿ ಹಿಂದಿಯಲ್ಲೂ ಇರಲಿ.

“ಅಧಿಕಾರಿಗಳು ಬಂದರೆ ನಮಸ್ಕಾರ ಹೇಳಿ, ಗುರುತಿನ ಚೀಟಿ ಮತ್ತು ಆದೇಶ ತೋರಿಸಲು ಕೇಳಿ. ಗೇಟು ತೆರೆದು ಆಫೀಸಿನಲ್ಲಿ ಕೂರಿಸಿ. ಬಂದ ಹೊತ್ತು ರಿಜಿಸ್ಟರಿನಲ್ಲಿ ಬರೆಯಿರಿ. ಕೆಳಗಿನ ಮೂರು ನಂಬರಿಗೆ ಫೋನ್ ಮಾಡಿ, ಒಂದು ಸಿಗದಿದ್ದರೆ ಇನ್ನೊಂದು. ಯಾವ ಕಾಗದವನ್ನೂ ಜಾಗದಿಂದ ಕದಲಿಸಬೇಡಿ. ಫೋನಿನಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ ಏನನ್ನೂ ಅಳಿಸಬೇಡಿ. ಕೇಳಿದ್ದು ಗೊತ್ತಿದ್ದರೆ ಹೇಳಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಇದಕ್ಕಾಗಿ ಯಾರ ಕೆಲಸವೂ ಹೋಗುವುದಿಲ್ಲ.”

ಆ ಕೊನೆಯ ಸಾಲನ್ನು ಟೈಪ್ ಮಾಡಿಸಬೇಡಿ. ನೀವೇ ಕೈಯಲ್ಲಿ ಬರೆದು, ಕೆಳಗೆ ಸಹಿ ಹಾಕಿ.



ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಲೆಕ್ಕಪತ್ರ ವ್ಯವಸ್ಥಾಪಕ
ಪೀಣ್ಯ 2ನೇ ಹಂತ, ಬೆಂಗಳೂರು